ಒಂದು ದರೋಡೆ ಮತ್ತು ಪೋಲೀಸರ ಬಂದೂಕು

ಚರಿತ್ರೆಯ ಪುಸ್ತಕಗಳಲ್ಲಿ ದರೋಡೆಗೆ ದೊರೆಯುವ ಸ್ಥಳ ಅಡಿಟಿಪ್ಪಣಿಯದು. ರಾಜ್ಯಗಳ ಏಳುಬೀಳು, ಶಾಸನಗಳು, ಒಪ್ಪಂದಗಳು ಚರಿತ್ರೆಕಾರನ ಸಾಮಗ್ರಿ. ಕಳ್ಳಕಾಕರ ಸುದ್ದಿ ದಿನಪತ್ರಿಕೆಯ ಪಾಲಿನದು ಎಂದು ನಾವು ಬಹುಕಾಲದಿಂದ ವಿಂಗಡಿಸಿ ಇಟ್ಟಿದ್ದೇವೆ. ಆದರೆ ಒಂದು ದೊಡ್ಡ ಸಂಸ್ಥೆ ತನ್ನ ನಡೆವಳಿಕೆಯನ್ನು ಬದಲಿಸಿಕೊಳ್ಳುವುದು ಯಾವಾಗಲೂ ಶಾಸನಸಭೆಯ ಚರ್ಚೆಯಿಂದಲ್ಲ. ಆಯೋಗಗಳು ವರ್ಷಗಟ್ಟಲೆ ಕುಳಿತು ಬರೆದ ವರದಿಗಳು ಬೀರುವಿನಲ್ಲಿ ಧೂಳು ಕುಡಿಯುತ್ತಿರುವಾಗ, ಯಾವುದೋ ಒಂದು ಬೆಳಗಿನ ಮುಕ್ಕಾಲು ಗಂಟೆಯ ಅನಾಹುತ ಆ ವರದಿಗಳಿಗೆ ಆಗದ ಕೆಲಸವನ್ನು ಮಾಡಿ ಮುಗಿಸಿಬಿಡುತ್ತದೆ. ಅಂಥ ಒಂದು ಬೆಳಗಿನ ವಿಚಾರವನ್ನು ಕೇಳುಗರ ಮುಂದಿಡಬೇಕೆಂದು ಹೊರಟಿದ್ದೇನೆ. ಸ್ಥಳ, ಅಮೆರಿಕದ ಲಾಸ್ ಏಂಜಲಿಸ್ ನಗರದ ಉತ್ತರ ಹಾಲಿವುಡ್. ದಿನ, 1997ನೆಯ ಇಸವಿ ಫೆಬ್ರವರಿ 28, ಶುಕ್ರವಾರ.

ಹಾಲಿವುಡ್ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಚಲನಚಿತ್ರಗಳ ಬೆಳಕು, ಬೆಡಗು. ಇದು ಆ ಹಾಲಿವುಡ್ ಅಲ್ಲ. ಗುಡ್ಡಸಾಲಿನ ಆಚೆ, ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ, ನೌಕರಿಯವರೂ ಸಣ್ಣ ವ್ಯಾಪಾರಿಗಳೂ ಬಾಳುವ ಸಾಧಾರಣ ಬಡಾವಣೆ. ಅಲ್ಲಿ ಲಾರೆಲ್ ಕ್ಯಾನಿಯನ್ ಎಂಬ ಅಗಲವಾದ ರಸ್ತೆ; ರಸ್ತೆಯ ಮಗ್ಗುಲಲ್ಲಿ ಬ್ಯಾಂಕ್ ಆಫ್ ಅಮೆರಿಕದ ಒಂದು ಶಾಖೆ. ಸುತ್ತ ಅಂಗಡಿಗಳು, ಕಾರು ನಿಲ್ಲಿಸುವ ಬಯಲು, ಎದುರಿಗೆ ಒಬ್ಬ ದಂತವೈದ್ಯರ ಚಿಕಿತ್ಸಾಲಯ.

ಆ ಊರಿನವರಿಗೆ ಬ್ಯಾಂಕ್ ದರೋಡೆ ಎಂಬುದು ಹೊಸ ಸಂಗತಿಯೇನೂ ಆಗಿರಲಿಲ್ಲ. ಲಾಸ್ ಏಂಜಲಿಸ್ ಮತ್ತು ಅದರ ಆಸುಪಾಸಿನ ಜಿಲ್ಲೆಗಳಲ್ಲಿ 1992ನೆಯ ಒಂದೇ ವರ್ಷದಲ್ಲಿ 2,641 ಬ್ಯಾಂಕ್ ದರೋಡೆಗಳು ನಡೆದವು. ಊರನ್ನೆಲ್ಲ ಹೆಣೆದುಕೊಂಡಿರುವ ಹೆದ್ದಾರಿಗಳ ಜಾಲವೇ ಅದಕ್ಕೆ ಒಂದು ಕಾರಣ. ಬ್ಯಾಂಕಿನ ಬಾಗಿಲಿನಿಂದ ಹೆದ್ದಾರಿಗೆ ಒಂದೆರಡು ನಿಮಿಷದ ದಾರಿ, ಅಲ್ಲಿ ಸೇರಿಕೊಂಡರೆ ಸಾವಿರಾರು ಕಾರುಗಳಲ್ಲಿ ಒಂದು ಕಾರು. ಇವುಗಳಲ್ಲಿ ಬಹುಪಾಲು ರಕ್ತ ಹರಿಯದ ದರೋಡೆಗಳು. ಒಬ್ಬ ಬಡಪಾಯಿ ಒಂದು ಚೀಟಿಯನ್ನು ಗುಮಾಸ್ತೆಯ ಮುಂದೆ ಸರಿಸುತ್ತಾನೆ, ಆಕೆ ಕೈಗೆ ಸಿಕ್ಕಷ್ಟು ನೋಟುಗಳನ್ನು ಕೊಡುತ್ತಾಳೆ, ಆತ ಓಡುತ್ತಾನೆ, ಕೆಲವು ದಿನಗಳಲ್ಲಿ ಸಿಕ್ಕಿಬೀಳುತ್ತಾನೆ. ಪೋಲೀಸರ ಸಿದ್ಧತೆಯೆಲ್ಲ ಈ ಬಗೆಯ ಕಳ್ಳನನ್ನು ಕಣ್ಣಮುಂದಿಟ್ಟುಕೊಂಡು ಆದದ್ದು. ಗಸ್ತು ತಿರುಗುವ ಪೋಲೀಸಿನವನ ಸೊಂಟದಲ್ಲಿ ಒಂಬತ್ತು ಮಿಲಿಮೀಟರಿನ ಪಿಸ್ತೂಲು ಅಥವಾ ಹಳೆಯ ಬಗೆಯ ರಿವಾಲ್ವರು. ಕಾರಿನಲ್ಲಿ ಚರೆಗಳನ್ನು ಹಾರಿಸುವ ಒಂದು ಷಾಟ್‌ಗನ್. ಹತ್ತಿರದ ಗುರಿಗೆ ಇವು ಸಾಕು. ದೂರಕ್ಕೆ ನೇರವಾಗಿ ಹೊಡೆಯುವ ರೈಫಲ್ ಸಾಮಾನ್ಯ ಗಸ್ತಿನವನ ಕೈಗೆ ಬರುತ್ತಿರಲಿಲ್ಲ.

ರೈಫಲ್ ಇದ್ದದ್ದು ಸ್ವಾಟ್ ಎಂಬ ವಿಶೇಷ ಪಡೆಯಲ್ಲಿ. 1965ರಲ್ಲಿ ಇದೇ ನಗರದ ವಾಟ್ಸ್ ಬಡಾವಣೆ ಹೊತ್ತಿ ಉರಿದ ಮೇಲೆ, 1967ರ ಸುಮಾರಿಗೆ ಲಾಸ್ ಏಂಜಲಿಸ್ ಪೋಲೀಸ್ ಇಲಾಖೆ ಕಟ್ಟಿದ ಪಡೆ ಅದು. ಅಲ್ಲಿಂದ ಮುಂದೆ ಒಂದು ಕೆಲಸದ ಹಂಚಿಕೆ ತಾನಾಗಿ ರೂಢಿಗೆ ಬಂದಿತು. ಗಸ್ತಿನವರು ಸ್ಥಳವನ್ನು ಸುತ್ತುವರಿದು ಕಾಯಬೇಕು. ಯುದ್ಧದ ಕೆಲಸವೇನಾದರೂ ಇದ್ದರೆ ಸ್ವಾಟ್ ಬಂದು ಮಾಡಬೇಕು. ಈ ಹಂಚಿಕೆಯ ಹಿಂದೆ ಒಂದು ವಿವೇಕವೂ ಇದ್ದಿತು ಎಂದು ನನ್ನ ಭಾವನೆ. ನಾಗರಿಕರ ನಡುವೆ ದಿನವೂ ಓಡಾಡುವವನು ಸೈನಿಕನಂತೆ ತೋರಬಾರದು ಎಂಬ ವಿವೇಕ ಅದು. ಆದರೆ ಪಡೆ ಬರುವವರೆಗಿನ ಅವಧಿಯಲ್ಲಿ ಏನಾಗಬೇಕು ಎಂಬ ಪ್ರಶ್ನೆ ಉತ್ತರವಿಲ್ಲದೆ ಉಳಿದಿತ್ತು.

ಆ ಪ್ರಶ್ನೆ 1997ಕ್ಕಿಂತ ಮೊದಲೇ ಎರಡು ಬಾರಿ ರಕ್ತದಲ್ಲಿ ಬರೆದು ಕೇಳಲ್ಪಟ್ಟಿತ್ತು. ಮೊದಲನೆಯದು 1980ರ ಮೇ 9ರಂದು, ಲಾಸ್ ಏಂಜಲಿಸಿನ ಪೂರ್ವಕ್ಕಿರುವ ನಾರ್ಕೊ ಎಂಬ ಸಣ್ಣ ಊರಿನಲ್ಲಿ. ಐದು ಮಂದಿ ಯುವಕರು ಸೆಕ್ಯೂರಿಟಿ ಪೆಸಿಫಿಕ್ ಬ್ಯಾಂಕಿಗೆ ನುಗ್ಗಿ, ಸುಮಾರು 20 ಸಾವಿರ ಡಾಲರಿನೊಂದಿಗೆ ಹೊರಬಿದ್ದರು. ಅವರ ಕೈಯಲ್ಲಿ ರೈಫಲುಗಳಿದ್ದವು, ಮನೆಯಲ್ಲೇ ತಯಾರಿಸಿದ ಬಾಂಬುಗಳಿದ್ದವು. ಮೈಲಿಗಟ್ಟಲೆ ನಡೆದ ಬೆನ್ನಟ್ಟುವಿಕೆಯಲ್ಲಿ 33 ಪೋಲೀಸ್ ವಾಹನಗಳು ಜಖಂಗೊಂಡವು. ಒಂದು ಹೆಲಿಕಾಪ್ಟರಿಗೂ ಗುಂಡು ತಗುಲಿತು. ಬೆಟ್ಟದ ದಾರಿಯಲ್ಲಿ ಹೊಂಚುಹಾಕಿ ಕುಳಿತ ದರೋಡೆಕೋರರು ಜೇಮ್ಸ್ ಎವಾನ್ಸ್ ಎಂಬ ಅಧಿಕಾರಿಯನ್ನು ಕೊಂದರು. ಅಲ್ಲಿಗೆ ಬಂದಿದ್ದ ಪೋಲೀಸರ ಕೈಯಲ್ಲಿ ಸೈನ್ಯದ ಮಾದರಿಯ ಒಂದೇ ಒಂದು ರೈಫಲ್ ಇತ್ತು. ಅದು ಎದುರುತ್ತರ ಕೊಟ್ಟ ಮೇಲೆ ಮಾತ್ರ ದರೋಡೆಕೋರರು ಕಾಡಿಗೆ ಓಡಿದರು. ಐವರಲ್ಲಿ ಇಬ್ಬರು ಸತ್ತರು, ಮೂವರಿಗೆ ಬಿಡುಗಡೆಯಿಲ್ಲದ ಜೀವಾವಧಿ ಶಿಕ್ಷೆಯಾಯಿತು.

ಎರಡನೆಯದು 1986ರ ಏಪ್ರಿಲ್ 11ರಂದು ಮಯಾಮಿ ನಗರದಲ್ಲಿ. ಬ್ಯಾಂಕುಗಳನ್ನೂ ಹಣ ಸಾಗಿಸುವ ಗಾಡಿಗಳನ್ನೂ ದೋಚುತ್ತಿದ್ದ ಇಬ್ಬರನ್ನು ಎಫ್.ಬಿ.ಐ.ಯ ಎಂಟು ಮಂದಿ ಅಡ್ಡಗಟ್ಟಿದರು. ಐದು ನಿಮಿಷ ತುಂಬುವ ಮೊದಲೇ ಇಬ್ಬರು ಅಧಿಕಾರಿಗಳು ಸತ್ತು, ಐವರು ಗಾಯಗೊಂಡಿದ್ದರು. ದರೋಡೆಕೋರರಲ್ಲಿ ಒಬ್ಬನಾದ ಮೈಕೆಲ್ ಪ್ಲ್ಯಾಟ್ ಎಂಬವನ ತೋಳನ್ನು ತೂರಿದ ಒಂದು ಪಿಸ್ತೂಲಿನ ಗುಂಡು ಎದೆಯೊಳಕ್ಕೆ ಹೋಗಿ, ಹೃದಯಕ್ಕೆ ಇನ್ನೊಂದು ಅಂಗುಲವಿದೆ ಎನ್ನುವಲ್ಲಿ ನಿಂತಿತು. ಆ ಗಾಯದ ನಂತರವೂ ಅವನು ಕಾದಾಡಿದ. ಹೆಚ್ಚಿನ ಹಾನಿ ಆದದ್ದು ಆಮೇಲೆ. ಕೊನೆಗೆ ಒಂದು ತೋಳು ನುಚ್ಚುನೂರಾಗಿದ್ದ ಅಧಿಕಾರಿಯೊಬ್ಬರು ಒಂದೇ ಕೈಯಲ್ಲಿ ಹೊಡೆದು ಇಬ್ಬರನ್ನೂ ಮುಗಿಸಿದರು. ಆ ಒಂದು ಅಂಗುಲದ ಅಂತರದಿಂದ ಹುಟ್ಟಿದ ಸಂಶೋಧನೆಯನ್ನು ನೋಡಿದರೆ ಬೆರಗಾಗುತ್ತದೆ. ಗುಂಡು ದೇಹದೊಳಗೆ ಎಷ್ಟು ಆಳ ಹೋಗಬೇಕು ಎಂಬುದನ್ನು ಅಳೆಯಲು ಎಫ್.ಬಿ.ಐ. ವಿದ್ವಾಂಸರನ್ನು ಕಲೆಹಾಕಿತು, ಜೆಲಟಿನ್ ಗಟ್ಟಿಗಳಿಗೆ ಹೊಡೆದು ನೋಡಿ, ಕನಿಷ್ಠ 12 ಅಂಗುಲ ಎಂದು ಗೊತ್ತುಪಡಿಸಿತು. ಮೊದಲು ಹತ್ತು ಮಿಲಿಮೀಟರಿನ ಪಿಸ್ತೂಲು, ಅದು ಕೈಗೆ ಭಾರವಾದಾಗ 1990ರಲ್ಲಿ ಪಾಯಿಂಟ್ ನಲವತ್ತು ಅಂಗುಲದ ಇನ್ನೊಂದು ಹೊಸ ತೋಟಾ, ಹೀಗೆ ದೇಶದ ಪೋಲೀಸರ ಸೊಂಟದ ಆಯುಧವೇ ಬದಲಾಯಿತು. ತಮಾಷೆಯೆಂದರೆ ಸುಮಾರು ಮೂವತ್ತು ವರ್ಷಗಳ ಬಳಿಕ ಅದೇ ಎಫ್.ಬಿ.ಐ., ಈಗಿನ ಒಳ್ಳೆಯ ತೋಟಾಗಳಿದ್ದರೆ ಹಳೆಯ ಒಂಬತ್ತು ಮಿಲಿಮೀಟರೇ ಸಾಕು ಎಂದು ಹಿಂದಿರುಗಿತು.

ಈ ಎರಡು ಪ್ರಸಂಗಗಳನ್ನು ಪೋಲೀಸ್ ಇಲಾಖೆಗಳು ಓದಿಕೊಂಡಿದ್ದವು. ಆದರೂ ಲಾಸ್ ಏಂಜಲಿಸಿನಲ್ಲಿ ರೈಫಲ್ ಗಸ್ತಿನ ಕಾರಿಗೆ ಬಂದಿರಲಿಲ್ಲ. ಅಲ್ಲಿನ ಪೋಲೀಸರ ಮೇಲೆ ಆಗ ಜನರಿಗೆ ವಿಶ್ವಾಸವಿರಲಿಲ್ಲವೆಂಬುದನ್ನೂ ಇಲ್ಲಿ ಸೇರಿಸಿ ನೋಡಬೇಕು. 1991ರಲ್ಲಿ ರಾಡ್ನಿ ಕಿಂಗ್ ಎಂಬ ಕರಿಯನನ್ನು ನಾಲ್ಕಾರು ಪೋಲೀಸರು ದೊಣ್ಣೆಗಳಿಂದ ಬಡಿದ ದೃಶ್ಯವನ್ನು ಜಗತ್ತೆಲ್ಲ ನೋಡಿತ್ತು. ಕ್ರಿಸ್ಟೋಫರ್ ಆಯೋಗ ಅದೇ ವರ್ಷ ಇಲಾಖೆಯೊಳಗಿನ ಕ್ರೌರ್ಯವನ್ನೂ ವರ್ಣದ್ವೇಷವನ್ನೂ ಬಿಚ್ಚಿಟ್ಟು ವರದಿ ಕೊಟ್ಟಿತು. ಮರುವರ್ಷ ಆ ಪೋಲೀಸರು ಖುಲಾಸೆಯಾದಾಗ ನಗರ ಹೊತ್ತಿಕೊಂಡು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಂಥ ಇಲಾಖೆಗೆ ಇನ್ನಷ್ಟು ದೊಡ್ಡ ಬಂದೂಕು ಬೇಕು ಎಂದು 1996ರಲ್ಲಿ ಯಾರಾದರೂ ಕೇಳಿದ್ದರೆ ನಗರ ಏನು ಹೇಳುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

ಇನ್ನು ದರೋಡೆಕೋರರ ಮಾತು. ಲ್ಯಾರಿ ಫಿಲಿಪ್ಸ್‌ನಿಗೆ 26 ವರ್ಷ; ಎಮಿಲ್ ಮತಸಾರಿಯಾನುವಿಗೆ 30. ಎರಡನೆಯವನು ರುಮಾನಿಯದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವನು, ತಾಂತ್ರಿಕ ಶಿಕ್ಷಣ ಪಡೆದವನು. ಇಬ್ಬರಿಗೂ ಪರಿಚಯವಾದದ್ದು ಗರಡಿಯಲ್ಲಿ. ಮೈ ಬೆಳೆಸುವ ಹುಚ್ಚು ಒಂದು, ಬಂದೂಕಿನ ಹುಚ್ಚು ಇನ್ನೊಂದು, ದುಡಿಯದೆ ಶ್ರೀಮಂತರಾಗುವ ಆಸೆ ಮೂರನೆಯದು. ಇವರ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವ ದಿನ 1997ರದಲ್ಲ, 1993ರ ಅಕ್ಟೋಬರಿನದು. ಅಂದು ಗ್ಲೆಂಡೇಲ್ ಊರಿನ ಹತ್ತಿರ ಇವರ ಕಾರನ್ನು ವೇಗ ಮೀರಿದ್ದಕ್ಕಾಗಿ ಪೋಲೀಸಿನವನೊಬ್ಬ ತಡೆದ. ಕಾರನ್ನು ಶೋಧಿಸಿದಾಗ ಸಿಕ್ಕಿದ ವಸ್ತುಗಳು ಇವು: ಎರಡು ರೈಫಲುಗಳು, ಎರಡು ಪಿಸ್ತೂಲುಗಳು, ಸಾವಿರಾರು ತೋಟಾಗಳು, ಗುಂಡು ತಡೆಯುವ ಕವಚಗಳು, ಹೊಗೆಬಾಂಬುಗಳು, ಸಿಡಿಮದ್ದಿನ ಸಲಕರಣೆಗಳು, ಪೋಲೀಸರ ರೇಡಿಯೊ ಮಾತನ್ನು ಕದ್ದು ಕೇಳುವ ಯಂತ್ರಗಳು, ಮೂರು ಬೇರೆ ಬೇರೆ ನಂಬರಿನ ಫಲಕಗಳು. ಇಷ್ಟನ್ನೂ ಕಾರಿನಲ್ಲಿ ಹೊತ್ತು ತಿರುಗುವವರ ಉದ್ದೇಶ ಏನೆಂದು ತಿಳಿಯಲು ಪತ್ತೇದಾರಿ ಕಾದಂಬರಿಯ ನಾಯಕನೇ ಬೇಕಾಗಿರಲಿಲ್ಲ. ಆದರೆ ಸರ್ಕಾರದ ವಕೀಲರೊಡನೆ ರಾಜಿಯಾಗಿ, ಒಬ್ಬ 99 ದಿನ, ಇನ್ನೊಬ್ಬ 71 ದಿನ ಸೆರೆಮನೆಯಲ್ಲಿದ್ದು ಹೊರಗೆ ಬಂದರು. ವಶಪಡಿಸಿಕೊಂಡ ಸಾಮಾನಿನಲ್ಲಿ ಹೆಚ್ಚಿನದನ್ನು ಅವರಿಗೆ ಮರಳಿಸಲಾಯಿತು.

ಮುಂದೆ 1995ರಲ್ಲಿ ಅವರು ಹಣದ ಗಾಡಿಯೊಂದನ್ನು ತಡೆದು ಕಾವಲುಗಾರನೊಬ್ಬನನ್ನು ಕೊಂದರು. 1996ರ ಮೇ ತಿಂಗಳಲ್ಲಿ ಎರಡು ಬ್ಯಾಂಕುಗಳಿಂದ ಸುಮಾರು 15 ಲಕ್ಷ ಡಾಲರು ದೋಚಿದರು. ಸಿಕ್ಕಿಬೀಳಲಿಲ್ಲ. ಯಶಸ್ಸು ಅವರ ಧೈರ್ಯವನ್ನು ಹೆಚ್ಚಿಸಿತು; ಮೂರನೆಯ ಬ್ಯಾಂಕಿಗೆ ತಿಂಗಳುಗಟ್ಟಲೆ ಸಿದ್ಧತೆ ನಡೆಯಿತು.

ಆ ಶುಕ್ರವಾರ ಬೆಳಿಗ್ಗೆ 9 ಗಂಟೆ 17 ನಿಮಿಷಕ್ಕೆ ಇಬ್ಬರೂ ಬ್ಯಾಂಕಿನ ಬಾಗಿಲಿಗೆ ಬಂದರು. ಅಡಿಯಿಂದ ಮುಡಿಯವರೆಗೆ ಕಪ್ಪು ಉಡುಪು, ಮುಖಕ್ಕೆ ಮುಸುಕು. ಇಬ್ಬರೂ ಗುಂಡು ತಡೆಯುವ ಕವಚ ತೊಟ್ಟಿದ್ದರು; ಫಿಲಿಪ್ಸ್ ಎದೆ ಬೆನ್ನುಗಳಿಗಷ್ಟೇ ಅಲ್ಲ, ಕೈಕಾಲುಗಳಿಗೂ ಕವಚದ ತುಂಡುಗಳನ್ನು ಕಟ್ಟಿಕೊಂಡಿದ್ದ. ನರಗಳು ನಡುಗದಿರಲೆಂದು ಫೀನೊಬಾರ್ಬಿಟಾಲ್ ಎಂಬ ಔಷಧವನ್ನು ಸೇವಿಸಿದ್ದರು. ಕೈಯಲ್ಲಿ ಒಂದೇ ಸಮನೆ ಗುಂಡು ಉಗುಳುವಂತೆ ತಿದ್ದಿಕೊಂಡಿದ್ದ ರೈಫಲುಗಳು. ಪೋಲೀಸರು ಬರಲು ಇಷ್ಟು ಹೊತ್ತು ಬೇಕು, ಅದರೊಳಗೆ ಕೆಲಸ ಮುಗಿಯಬೇಕು ಎಂದು ಲೆಕ್ಕ ಹಾಕಿ, ನೋಡಲು ಸುಲಭವಾಗಲೆಂದು ಗಡಿಯಾರವನ್ನು ಕೈಗವುಸಿನ ಮೇಲೆಯೇ ಹೊಲಿದುಕೊಂಡಿದ್ದರು. ಲೆಕ್ಕ ಮೊದಲ ನಿಮಿಷದಲ್ಲೇ ತಪ್ಪಿತು. ಒಬ್ಬ ಗಿರಾಕಿಯನ್ನು ಅವರು ಬ್ಯಾಂಕಿನೊಳಕ್ಕೆ ದಬ್ಬುತ್ತಿದ್ದುದು ಅದೇ ರಸ್ತೆಯಲ್ಲಿ ಗಸ್ತು ಹೋಗುತ್ತಿದ್ದ ಇಬ್ಬರು ಪೋಲೀಸರ ಕಣ್ಣಿಗೆ ಬಿದ್ದಿತು. ಹಣದ ಗುಮಾಸ್ತರನ್ನು ಕಾಪಾಡಲು ಹಾಕಿದ್ದ ಗಟ್ಟಿ ಬಾಗಿಲನ್ನು ಒಳಗಿನವರು ಗುಂಡು ಹೊಡೆದೇ ತೆರೆದರು. ಪಿಸ್ತೂಲಿನ ಗುಂಡನ್ನು ತಡೆಯಲೆಂದು ಮಾಡಿದ ಬಾಗಿಲು ಅದು, ರೈಫಲಿಗೆ ಬಗ್ಗಿತು. ಆದರೆ ಕಪಾಟಿನಲ್ಲಿ ಏಳೂವರೆ ಲಕ್ಷ ಡಾಲರನ್ನು ನಿರೀಕ್ಷಿಸಿದ್ದವರಿಗೆ ಸಿಕ್ಕಿದ್ದು 3,03,305 ಡಾಲರು. ಹಣ ಬಂದು ಸೇರುವ ವೇಳಾಪಟ್ಟಿಯನ್ನು ಬ್ಯಾಂಕು ಬದಲಿಸಿತ್ತು. ಸಿಟ್ಟಿಗೆದ್ದ ಮತಸಾರಿಯಾನು ಕಪಾಟಿನೊಳಕ್ಕೇ ಗುಂಡುಗಳ ಮಳೆಗರೆದನಂತೆ. ಕೆಲಸದವರೂ ಗಿರಾಕಿಗಳೂ ಸೇರಿ ಸುಮಾರು 30 ಮಂದಿಯನ್ನು ಅವರು ಭದ್ರಕೋಣೆಗೆ ತಳ್ಳಿದರು. ನೋಟಿನ ಕಟ್ಟುಗಳಲ್ಲಿ ಅಡಗಿಸಿಟ್ಟಿದ್ದ ಬಣ್ಣದ ಪೊಟ್ಟಣಗಳು ಸಿಡಿದು ದೋಚಿದ ಹಣವೂ ಹಾಳಾಯಿತು.

ಅವರು ಹೊರಗೆ ಬಂದಾಗ ಪೋಲೀಸರು ನಾಲ್ಕೂ ಕಡೆ ಕಾರುಗಳ ಮರೆಯಲ್ಲಿ ನಿಂತಿದ್ದರು. ಶರಣಾಗತರಾಗಿ ಎಂದು ಕೂಗುವುದು, ಕಳ್ಳನು ಕೈ ಎತ್ತುವುದು ಅಥವಾ ಬ್ಯಾಂಕಿನೊಳಗೆ ಹೋಗಿ ಒತ್ತೆಯಾಳುಗಳನ್ನು ಹಿಡಿದು ಕೂರುವುದು ರೂಢಿಯ ಕ್ರಮ. ಫಿಲಿಪ್ಸ್ ಹಾಗೆ ಮಾಡಲಿಲ್ಲ. ಬಯಲಿನಲ್ಲಿ ನಿಂತು, ಅವಸರವಿಲ್ಲದೆ, ಬಲಕ್ಕೂ ಎಡಕ್ಕೂ ತಿರುಗಿ ಗುಂಡು ಹಾರಿಸತೊಡಗಿದ. ರೈಫಲಿನ ಗುಂಡುಗಳು ಕಾರಿನ ತಗಡನ್ನು ತೂರಿ ಆಚೆ ಕಡೆ ನಿಂತವರನ್ನು ಮುಟ್ಟಿದವು. ಪೋಲೀಸರು ತೊಟ್ಟಿದ್ದ ಕವಚ ಪಿಸ್ತೂಲಿಗೆ ಎದುರಾಗುವ ಕವಚ. ರೈಫಲಿಗೆ ಅದೊಂದು ಬಟ್ಟೆ. ಪೋಲೀಸರ ಗುಂಡುಗಳೋ, ತಗುಲಿದರೂ ತಾಕುತ್ತಿರಲಿಲ್ಲ. ಆಕಾಶದಲ್ಲಿ ಸುತ್ತುತ್ತಿದ್ದ ದೂರದರ್ಶನ ಸಂಸ್ಥೆಗಳ ಹೆಲಿಕಾಪ್ಟರುಗಳು ಇದನ್ನೆಲ್ಲ ಆಗಿಂದಾಗಲೇ ದೇಶಕ್ಕೆ ತೋರಿಸುತ್ತಿದ್ದವು. ಗುಂಡು ತಗುಲಿಯೂ ಬೀಳದೆ ನಡೆಯುತ್ತಿರುವ ಕಪ್ಪು ಮನುಷ್ಯಾಕೃತಿ, ಅದರ ಮುಂದೆ ಮರಗಳ ಹಿಂದೆ, ಚಕ್ರಗಳ ಹಿಂದೆ ಮೈ ಮುದುಡಿ ಕುಳಿತಿರುವ ಪೋಲೀಸರು. ಮುಂದಿನ ಕಾಲು ಶತಮಾನದ ವಾದವಿವಾದಗಳಲ್ಲಿ ಅಂಕಿಸಂಖ್ಯೆಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಈ ಚಿತ್ರವೇ.

ಗಾಯಗೊಂಡ ಕೆಲವರು ಎದುರಿನ ದಂತವೈದ್ಯರ ಚಿಕಿತ್ಸಾಲಯಕ್ಕೆ ತೆವಳಿ ಸೇರಿದರು. ಬಯಲಿನಲ್ಲಿ ಬಿದ್ದವರನ್ನು ತರಲು ಪೋಲೀಸರು ಹಣ ಸಾಗಿಸುವ ಉಕ್ಕಿನ ಗಾಡಿಯೊಂದನ್ನು ವಶಕ್ಕೆ ತೆಗೆದುಕೊಂಡರು. ಇನ್ನು ಕೆಲವರು ಹತ್ತಿರದ ಬಂದೂಕಿನ ಅಂಗಡಿಗೆ ಧಾವಿಸಿ ರೈಫಲುಗಳನ್ನು ಎರವಲು ಕೇಳಿದರು. ಈ ಒಂದು ಸಂಗತಿಯನ್ನು ಅಮೆರಿಕದಲ್ಲಿ ಈಗಲೂ ಹೇಳಿಕೊಳ್ಳುತ್ತಾರೆ. ದೊಡ್ಡ ನಗರದ ಪೋಲೀಸರು ಅಂಗಡಿಯ ಕಟ್ಟೆಯ ಮುಂದೆ ನಿಂತು ಆಯುಧ ಬೇಡಬೇಕಾದ ಸ್ಥಿತಿ. ಆದರೆ ಅದೇ ಆಯುಧ ಯಾವ ನಾಗರಿಕನಿಗೂ ಅಂಗಡಿಯಲ್ಲಿ ದೊರೆಯುತ್ತಿತ್ತು ಎಂಬ ಇನ್ನೊಂದು ಮುಖವನ್ನು ಹೇಳುವವರು ಕಡಿಮೆ.

ಗುಂಡಿನ ಕಾಳಗ ಆರಂಭವಾದ ಸುಮಾರು 18 ನಿಮಿಷಗಳ ಮೇಲೆ ಸ್ವಾಟ್ ಪಡೆಯ ಮೊದಲಿಗರು ಬಂದರು. ಕರೆ ಬಂದಾಗ ಅವರು ಓಟದ ವ್ಯಾಯಾಮದಲ್ಲಿದ್ದರು. ಕೆಲವರು ಚಡ್ಡಿಯ ಮೇಲೆಯೇ ಕವಚ ತೊಟ್ಟು ಓಡಿಬಂದಿದ್ದರು. ಅಷ್ಟರಲ್ಲಿ ಫಿಲಿಪ್ಸ್ ಕಾರನ್ನು ಬಿಟ್ಟು ಪಕ್ಕದ ಮನೆಗಳ ಬೀದಿಗೆ ಹೊರಳಿದ್ದ. ರೈಫಲ್ ಸಿಕ್ಕಿಹಾಕಿಕೊಂಡಾಗ ಅದನ್ನು ಎಸೆದು ಪಿಸ್ತೂಲು ತೆಗೆದ. ಕೈಗೆ ಗುಂಡು ತಗುಲಿತು. ಕೊನೆಗೆ ಗದ್ದದ ಕೆಳಗಿನಿಂದ ತಾನೇ ಹೊಡೆದುಕೊಂಡ. ಅದೇ ಗಳಿಗೆಯಲ್ಲಿ ಪೋಲೀಸರ ಗುಂಡೂ ಅವನ ಬೆನ್ನೆಲುಬನ್ನು ಹೊಕ್ಕಿತ್ತು. ಮತಸಾರಿಯಾನು ಟೈರು ಒಡೆದ ಕಾರಿನಲ್ಲಿ ಸ್ವಲ್ಪ ದೂರ ಸಾಗಿ, ದಾರಿಯಲ್ಲಿ ಸಿಕ್ಕ ಒಂದು ಪಿಕಪ್ ಗಾಡಿಯನ್ನು ಕಿತ್ತುಕೊಂಡ. ಅದು ಚಾಲೂ ಆಗಲಿಲ್ಲ. ಎರಡು ಗಾಡಿಗಳ ನಡುವೆ ನಿಂತು ಅವನು ಕಾದಾಡುತ್ತಿದ್ದಾಗ, ಮೂವರು ಸ್ವಾಟ್ ಪೋಲೀಸರು ನೆಲಕ್ಕೆ ಒರಗಿ, ಕಾರಿನ ಅಡಿಯಿಂದ ಅವನ ಕಾಲುಗಳಿಗೆ ಗುರಿಯಿಟ್ಟರು. ಕವಚ ಅಲ್ಲಿಗೆ ಸಾಲದಾಗಿತ್ತು. ಅವನು ಕೈ ಎತ್ತಿ ಶರಣಾದ.

ಎಲ್ಲ ಸೇರಿ 44 ನಿಮಿಷ. ದರೋಡೆಕೋರರು ಸುಮಾರು 1,100, ಪೋಲೀಸರು ಸುಮಾರು 650 ಗುಂಡುಗಳನ್ನು ಹಾರಿಸಿದ್ದರು. 12 ಮಂದಿ ಪೋಲೀಸರೂ 8 ಮಂದಿ ನಾಗರಿಕರೂ ಗಾಯಗೊಂಡರು. ಸತ್ತವರು ಆ ಇಬ್ಬರೇ. ಇಷ್ಟು ಗುಂಡುಗಳ ನಡುವೆ ಬೇರೊಂದು ಜೀವವೂ ಹೋಗಲಿಲ್ಲವೆಂಬುದನ್ನು ಪವಾಡ ಎನ್ನುವವರಿದ್ದಾರೆ. ಪೋಲೀಸರ ಶೌರ್ಯವನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ತಮ್ಮ ಆಯುಧ ನಾಟುವುದಿಲ್ಲವೆಂದು ತಿಳಿದ ಮೇಲೂ ಅವರು ಸ್ಥಳ ಬಿಟ್ಟು ಕದಲಲಿಲ್ಲ; ಗಾಯಾಳುಗಳನ್ನು ಬಿಟ್ಟು ಓಡಲಿಲ್ಲ. ರಾಡ್ನಿ ಕಿಂಗನ ದೃಶ್ಯದಿಂದ ತಲೆ ತಗ್ಗಿಸಿದ್ದ ಇಲಾಖೆ ಒಂದು ಬೆಳಗಿನಲ್ಲಿ ನಗರದ ಕಣ್ಣಿಗೆ ವೀರರ ಇಲಾಖೆಯಾಯಿತು.

ಬದಲಾವಣೆ ಬಹಳ ಬೇಗ ಬಂದಿತು. ಸೈನ್ಯಕ್ಕೆ ಬೇಡವಾಗಿದ್ದ 600 ಎಂ-16 ರೈಫಲುಗಳನ್ನು ರಕ್ಷಣಾ ಇಲಾಖೆ ಲಾಸ್ ಏಂಜಲಿಸ್ ಪೋಲೀಸರಿಗೆ ಕೊಟ್ಟಿತು. ಅವು ಗಸ್ತಿನ ಸಾರ್ಜೆಂಟರುಗಳ ಕೈಗೆ ಬಂದವು. ಹೆಚ್ಚು ಬಲದ ಪಿಸ್ತೂಲುಗಳನ್ನು ಇಟ್ಟುಕೊಳ್ಳಲು ಸಾಮಾನ್ಯ ಪೋಲೀಸರಿಗೂ ಅನುಮತಿ ದೊರೆಯಿತು. ದೇಶದ ಉಳಿದ ಊರುಗಳು ಹಿಂಬಾಲಿಸಿದವು. ಗಸ್ತಿನ ಕಾರಿನಲ್ಲಿ ರೈಫಲ್ ಇರುವುದು ಕೆಲವೇ ವರ್ಷಗಳಲ್ಲಿ ಸಾಮಾನ್ಯ ನೋಟವಾಯಿತು. ಸೈನ್ಯದ ಹೆಚ್ಚುವರಿ ಸಾಮಗ್ರಿಯನ್ನು ಊರಿನ ಪೋಲೀಸರಿಗೆ ದಾಟಿಸುವ ಶಾಸನ, 1033 ಎಂಬ ಕಲಮಿನ ಹೆಸರಿನಿಂದ ಪ್ರಸಿದ್ಧವಾದದ್ದು, 1996ರಲ್ಲೇ, ಎಂದರೆ ದರೋಡೆಗೆ ಮೊದಲೇ ಆಗಿತ್ತು ಎಂಬುದನ್ನು ಗಮನಿಸಬೇಕು. ಬಾಗಿಲು ಮೊದಲೇ ತೆರೆದಿತ್ತು. ಒಳಗೆ ಹೋಗಲು ಒಂದು ನೆಪ ಬೇಕಾಗಿತ್ತು. ಯಾವ ಊರಿನ ಪುರಸಭೆಯಲ್ಲಿ ಯಾರು ಪ್ರಶ್ನಿಸಿದರೂ, ಉತ್ತರ ಹಾಲಿವುಡ್ ಎಂಬ ಎರಡು ಶಬ್ದಗಳು ಉತ್ತರವಾಗಿ ಸಿದ್ಧವಾಗಿದ್ದವು.

ಎರಡು ವರ್ಷಗಳ ಬಳಿಕ, 1999ರ ಏಪ್ರಿಲ್ 20ರಂದು, ಕೊಲೊರಾಡೊದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ಹುಡುಗರು 13 ಮಂದಿಯನ್ನು ಕೊಂದರು. ಮೊದಲು ಬಂದ ಪೋಲೀಸರು ಹಳೆಯ ಕ್ರಮದಂತೆ ಶಾಲೆಯನ್ನು ಸುತ್ತುವರಿದು ಸ್ವಾಟ್ ಪಡೆಗಾಗಿ ಕಾದರು. ಒಳಗೆ ಗಾಯಗೊಂಡವರು ರಕ್ತ ಸುರಿಸುತ್ತಿದ್ದರು. ಅಲ್ಲಿಗೆ ಹಳೆಯ ಕೆಲಸದ ಹಂಚಿಕೆ ಪೂರ್ತಿಯಾಗಿ ಮುರಿಯಿತು. ಇನ್ನು ಮೇಲೆ ಕಾಯುವಂತಿಲ್ಲ, ಮೊದಲು ಬಂದವನೇ ಒಳಗೆ ನುಗ್ಗಬೇಕು ಎಂಬುದು ಹೊಸ ಶಿಕ್ಷಣ. ದರೋಡೆ ಗಸ್ತಿನವನ ಕೈಗೆ ಆಯುಧ ಕೊಟ್ಟಿತ್ತು. ಶಾಲೆ ಅವನಿಗೆ ಕರ್ತವ್ಯ ಕೊಟ್ಟಿತು.

ಇಷ್ಟರವರೆಗೆ ನನ್ನ ಒಪ್ಪಿಗೆಯಿದೆ. ರೈಫಲಿನ ಎದುರು ಪಿಸ್ತೂಲು ಹಿಡಿದು ನಿಲ್ಲೆಂದು ಯಾರನ್ನೂ ಕಳುಹಿಸಲಾಗದು. ಆದರೆ ಅಪರೂಪಕ್ಕೆಂದು ತಂದ ಆಯುಧ ಅಪರೂಪವಾಗಿ ಉಳಿಯಲಿಲ್ಲ. 2014ರ ಆಗಸ್ಟಿನಲ್ಲಿ ಮಿಸೂರಿಯ ಫರ್ಗುಸನ್ ಊರಿನಲ್ಲಿ ಮೈಕೆಲ್ ಬ್ರೌನ್ ಎಂಬ ಕರಿಯ ತರುಣ ಪೋಲೀಸರ ಗುಂಡಿಗೆ ಸತ್ತಾಗ, ಪ್ರತಿಭಟಿಸಿ ಬೀದಿಗಿಳಿದ ಜನರ ಎದುರಿಗೆ ಬಂದು ನಿಂತದ್ದು ಉಕ್ಕಿನ ಗಾಡಿಗಳು ಮತ್ತು ಜನರತ್ತ ಗುರಿಯಿಟ್ಟ ರೈಫಲುಗಳು. ಅಲ್ಲಿ ಕವಚ ತೊಟ್ಟ ದರೋಡೆಕೋರರಿರಲಿಲ್ಲ. ಫಲಕ ಹಿಡಿದ ಊರವರಿದ್ದರು. ಅಧ್ಯಕ್ಷ ಒಬಾಮಾ 2015ರಲ್ಲಿ ಸೈನ್ಯದ ಕೆಲವು ಸಾಮಗ್ರಿ ಪೋಲೀಸರಿಗೆ ಹೋಗದಂತೆ ತಡೆದರು. 2017ರಲ್ಲಿ ಟ್ರಂಪ್ ಆ ತಡೆಯನ್ನು ತೆಗೆದರು. 2022ರಲ್ಲಿ ಬೈಡನ್ ಮತ್ತೆ ಹಾಕಿದರು. 2025ರಲ್ಲಿ ಟ್ರಂಪ್ ಮತ್ತೆ ತೆಗೆದರು. ಇಷ್ಟರ ನಡುವೆ ಬ್ಯಾಂಕ್ ದರೋಡೆಗಳು ಬಹಳವಾಗಿ ಇಳಿದುಹೋಗಿವೆ.

ಇಲ್ಲಿ ಲಂಡನ್ನಿನ ಒಂದು ಹಳೆಯ ಪ್ರಸಂಗ ನನಗೆ ಜ್ಞಾಪಕ ಬರುತ್ತದೆ. ಒಂದು ಅಪರಾಧ ಪೋಲೀಸರನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಇನ್ನೊಂದು ದೇಶ ಬೇರೆ ಉತ್ತರ ಕೊಟ್ಟಿತ್ತು. 1910ರ ಡಿಸೆಂಬರಿನಲ್ಲಿ ಹೌಂಡ್ಸ್‌ಡಿಚ್ ಬೀದಿಯ ಚಿನ್ನಾಭರಣದ ಅಂಗಡಿಗೆ ಕನ್ನ ಹಾಕುತ್ತಿದ್ದವರು ಮೂವರು ಪೋಲೀಸರನ್ನು ಗುಂಡಿಟ್ಟು ಕೊಂದರು. ಮುಂದಿನ ಜನವರಿ 3ರಂದು ಆ ಗುಂಪಿನ ಇಬ್ಬರು ಸಿಡ್ನಿ ಬೀದಿಯ ಮನೆಯೊಂದರಲ್ಲಿ ಸಿಕ್ಕಿಬಿದ್ದಾಗ ಪೋಲೀಸರ ಹಳೆಯ ಆಯುಧಗಳು ಸಾಲದೆ ಸೈನಿಕರನ್ನೇ ಕರೆಸಬೇಕಾಯಿತು. ಗೃಹಮಂತ್ರಿಯಾಗಿದ್ದ ಚರ್ಚಿಲ್ ತಾವೇ ಬಂದು ನಿಂತು ನೋಡಿದರು. ಆಮೇಲೆ ಪೋಲೀಸರಿಗೆ ಹೊಸ ಪಿಸ್ತೂಲುಗಳು ಬಂದವು, ನಿಜ. ಆದರೆ ಅವು ಠಾಣೆಯ ಕಪಾಟಿನಲ್ಲಿ ಬೀಗದೊಳಗೆ ಇದ್ದವು. ಲಂಡನ್ನಿನ ಬೀಟಿನ ಪೋಲೀಸಿನವನು ಇಂದಿಗೂ ಬಂದೂಕಿಲ್ಲದೆ ತಿರುಗುತ್ತಾನೆ. ಜನರ ಕೈಯಲ್ಲಿ ಎಷ್ಟು ಬಂದೂಕುಗಳಿವೆ ಎಂಬುದರ ಮೇಲೆ ಈ ವ್ಯತ್ಯಾಸ ನಿಂತಿದೆ ಎನ್ನುವವರ ಮಾತು ಸರಿಯೆ. ಅಮೆರಿಕದ ಪೋಲೀಸಿನವನನ್ನು ಲಂಡನ್ನಿನವನಂತೆ ಇರು ಎನ್ನುವುದು ಅವನಿಗೆ ಅನ್ಯಾಯ.

ಬಂದೂಕೊಂದೇ ಸಾಕಾಗದು ಎಂಬುದಕ್ಕೆ 2022ರ ಮೇ 24 ಸಾಕ್ಷಿ. ಟೆಕ್ಸಸಿನ ಉವಾಲ್ಡಿ ಊರಿನ ಶಾಲೆಯೊಂದರಲ್ಲಿ ರೈಫಲ್ ಹಿಡಿದ ಒಬ್ಬ ತರುಣ 19 ಮಕ್ಕಳನ್ನೂ ಇಬ್ಬರು ಉಪಾಧ್ಯಾಯಿನಿಯರನ್ನೂ ಕೊಂದ. ಅಲ್ಲಿಗೆ ಬಂದ ವಿವಿಧ ಇಲಾಖೆಗಳ ಸಿಬ್ಬಂದಿಯ ಸಂಖ್ಯೆ 376. ಅವರಲ್ಲಿ ರೈಫಲುಗಳಿದ್ದವು, ಕವಚಗಳಿದ್ದವು, ಗುಂಡು ತಡೆಯುವ ಗುರಾಣಿಗಳೂ ಬಂದವು. ಉತ್ತರ ಹಾಲಿವುಡ್ಡಿನಲ್ಲಿ ಇಲ್ಲದಿದ್ದದ್ದೆಲ್ಲ ಇಲ್ಲಿತ್ತು. ಆದರೂ ಕೊಠಡಿಯ ಬಾಗಿಲು ದಾಟಲು 77 ನಿಮಿಷ ಹಿಡಿಯಿತು. ಪಿಸ್ತೂಲು ಹಿಡಿದು ಮರದ ಮರೆಯಿಂದ ಮುಂದೆ ಬಂದು ಗೆಳೆಯನನ್ನು ಎಳೆದೊಯ್ದ 1997ರ ಗಸ್ತಿನವನ ಪಕ್ಕದಲ್ಲಿ ಈ 77 ನಿಮಿಷಗಳನ್ನು ಇಟ್ಟು ನೋಡಿದಾಗ ನನಗೆ ಮಾತು ಹೊರಡುವುದಿಲ್ಲ.

ಆ ದರೋಡೆಯಿಂದ ಕಲಿಯಬೇಕಾಗಿದ್ದ ಪಾಠಗಳು ಇನ್ನೂ ಎರಡು ಇದ್ದವೆಂದು ನನ್ನ ಎಣಿಕೆ. ಒಂದು, 1993ರ ಆ ಸಾಮಾನಿನ ಪಟ್ಟಿ. ಮೂರೂವರೆ ವರ್ಷ ಮೊದಲೇ ಅವರ ಮನಸ್ಸನ್ನು ಓದಲು ಬರುವಂತೆ ಬಿಡಿಸಿಟ್ಟ ಪಟ್ಟಿ ಅದು. ಅದನ್ನು ಓದಬೇಕಾಗಿದ್ದವರು ಪೋಲೀಸರಲ್ಲ, ನ್ಯಾಯಾಲಯದ ವ್ಯವಸ್ಥೆ. ಪೋಲೀಸಿನವನು ತಡೆದು ಹಿಡಿದಿದ್ದ. ರೈಫಲ್ ಕೊಟ್ಟಷ್ಟು ಸುಲಭವಾಗಿ ಆ ದೋಷವನ್ನು ತಿದ್ದಲು ಬರುವುದಿಲ್ಲ. ಅದರ ಚಿತ್ರವನ್ನು ಯಾವ ಹೆಲಿಕಾಪ್ಟರೂ ತೆಗೆದಿರಲಿಲ್ಲ.

ಇನ್ನೊಂದು, ಮತಸಾರಿಯಾನುವಿನ ಸಾವು. ಕೈ ಎತ್ತಿ ಶರಣಾದವನು ಆಗಲೇ ಸಾಯಲಿಲ್ಲ. ಬೀದಿಯಲ್ಲಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿಕೊಂಡು, ರಕ್ತ ಸುರಿಯುತ್ತ ಬಹಳ ಹೊತ್ತು ಬಿದ್ದಿದ್ದ. ಇನ್ನೂ ಯಾರಾದರೂ ದರೋಡೆಕೋರರು ಅಡಗಿರಬಹುದೆಂಬ ಶಂಕೆಯಿತ್ತು. ಅಪಾಯ ಪೂರ್ತಿ ಕಳೆಯುವ ತನಕ ವೈದ್ಯಕೀಯ ಸಿಬ್ಬಂದಿ ಅಲ್ಲಿಗೆ ಬರಕೂಡದೆಂಬುದು ಆಗಿನ ನಿಯಮ. ಅವನು ಸತ್ತ ಮೇಲೆ ಎಣಿಸಿದಾಗ ಕಾಲುಗಳಲ್ಲಿ 29 ಗಾಯಗಳಿದ್ದವು. ಜೀವ ತೆಗೆದದ್ದು ಎಡತೊಡೆಯ ಎರಡು ಗಾಯಗಳಿಂದ ಹರಿದ ರಕ್ತ. ಅವನ ಮನೆಯವರು ನಗರದ ಮೇಲೆ ದಾವೆ ಹೂಡಿದರು. ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಕೊನೆಗೆ ದಾವೆ ನಿಂತುಹೋಯಿತು. ಕೊಲೆಗಾರನೊಬ್ಬನ ರಕ್ತಕ್ಕಾಗಿ ಮರುಗುವವರು ಊರಿನಲ್ಲಿ ಹೆಚ್ಚು ಇರಲಿಲ್ಲ.

ಈ ಎರಡನೆಯ ಪಾಠ ಬೇರೆ ದಾರಿಗಳಿಂದ, ಬಹಳ ತಡವಾಗಿ ಬಂದಿತು. ಕೊಲಂಬೈನ್ ಮತ್ತು ಅನಂತರದ ಶಾಲೆಗಳ ಸಾವುಗಳನ್ನು ಪರಿಶೀಲಿಸಿದ ವೈದ್ಯರು, ಅಪಾಯ ಮುಗಿಯಲಿ ಎಂದು ಕಾಯುವುದರಲ್ಲೇ ಉಳಿಯಬಹುದಾದ ಜೀವಗಳು ಹೋಗುತ್ತವೆ ಎಂದು ತೋರಿಸಿದರು. ಈಗ ಅಮೆರಿಕದ ಅನೇಕ ನಗರಗಳಲ್ಲಿ ವೈದ್ಯಕೀಯ ಸಿಬ್ಬಂದಿ ಪೋಲೀಸರ ಕಾವಲಿನಲ್ಲಿ, ಗಂಡಾಂತರ ಪೂರ್ತಿ ಕಳೆಯದ ಜಾಗಕ್ಕೂ ಹೋಗುತ್ತಾರೆ. ಎಷ್ಟೋ ಊರುಗಳ ಗಸ್ತಿನ ಪೋಲೀಸರ ಸೊಂಟಪಟ್ಟಿಯಲ್ಲಿ, ಪಿಸ್ತೂಲಿನ ಜೊತೆಗೆ, ಎರಡು ಬೆರಳಗಲದ ಒಂದು ಪಟ್ಟಿಯೂ ಇರುತ್ತದೆ. ತೊಡೆಗೋ ತೋಳಿಗೋ ಬಿಗಿದು ಒಂದು ಕಡ್ಡಿಯನ್ನು ತಿರುವಿದರೆ ರಕ್ತ ಹರಿಯುವುದನ್ನು ಅದು ಒಂದು ನಿಮಿಷದೊಳಗೆ ನಿಲ್ಲಿಸುತ್ತದೆ.